ಜೀನ್‌ಗಳು ಹರಿದು ಬರುವ ಬಗೆ, ಕೆಲಸ ಮಾಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀನ್‌ಗಳ ಕುರಿತ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ನಂಬಿಕೆಯಿಂದ ಹುಟ್ಟುತ್ತವೆ. ಪ್ರತಿ ಗುಣಕ್ಕೂ ಒಂದು ಜೀನ್ ಇದೆ, ಅದು ಬಂದರೆ ಗುಣ ಬರುತ್ತದೆ, ಬಾರದಿದ್ದರೆ ಇಲ್ಲ ಎಂಬುದೇ ಆ ನಂಬಿಕೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಜೀನಿನಿಂದ ಗುಣದವರೆಗಿನ ದಾರಿ ಉದ್ದವಾದದ್ದು, ನಡುವೆ ಅನೇಕ ಕವಲುಗಳಿರುವಂಥದ್ದು. ಕೆಳಗಿನ ಉತ್ತರಗಳಲ್ಲಿ ಆ ದಾರಿಯನ್ನು ಆದಷ್ಟು ವಿವರವಾಗಿ ತೋರಿಸಲು ಪ್ರಯತ್ನಿಸಲಾಗಿದೆ.

ಜೀನ್ ಎಂದರೆ ಏನು?

ಡಿಎನ್‌ಎ ಎಂಬ ಉದ್ದನೆಯ ಅಣುವಿನಲ್ಲಿ, ಜೀವಕೋಶವು ಓದಿಕೊಂಡು ತನಗೆ ಬೇಕಾದ ಪ್ರೋಟೀನನ್ನೋ ಆರ್‌ಎನ್‌ಎಯನ್ನೋ (ಡಿಎನ್‌ಎಯನ್ನು ಹೋಲುವ ಇನ್ನೊಂದು ಅಣು) ತಯಾರಿಸಿಕೊಳ್ಳಬಲ್ಲ ಒಂದು ಭಾಗವೇ ಜೀನ್. ಆ ಓದು ಎಲ್ಲಿ, ಯಾವಾಗ ನಡೆಯಬೇಕೆಂಬ ಸೂಚನೆಗಳೂ ಅದರ ಅಕ್ಕಪಕ್ಕದಲ್ಲಿ, ಕೆಲವೊಮ್ಮೆ ಬಹಳ ದೂರದಲ್ಲಿ ಇರುತ್ತವೆ. ಆದ್ದರಿಂದ ಒಂದು ಜೀನ್ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯುವುದು ಪಠ್ಯಪುಸ್ತಕದ ಚಿತ್ರದಲ್ಲಿ ಕಾಣುವಷ್ಟು ಸುಲಭವಲ್ಲ.

ಈ ಪದವೇ ವಸ್ತುವಿಗಿಂತ ಮೊದಲು ಹುಟ್ಟಿತು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್ 1909ರಲ್ಲಿ ‘ಜೀನ್’ ಎಂಬ ಪದವನ್ನು ಬಳಕೆಗೆ ತಂದಾಗ ಅದು ಯಾವ ವಸ್ತುವಿನಿಂದ ಆದದ್ದೆಂದು ಯಾರಿಗೂ ತಿಳಿದಿರಲಿಲ್ಲ. ಆನುವಂಶಿಕ ವಸ್ತು ಪ್ರೋಟೀನ್ ಅಲ್ಲ, ಡಿಎನ್‌ಎ ಎಂಬುದಕ್ಕೆ 1944ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಅವರ ಸಹೋದ್ಯೋಗಿಗಳು ಬ್ಯಾಕ್ಟೀರಿಯಾಗಳಲ್ಲಿ ಪುರಾವೆ ಕೊಟ್ಟರು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದರ ಜೋಡಿಸುರುಳಿಯ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ ಎಕ್ಸ್-ರೇ ಚಿತ್ರಗಳು ಮುಖ್ಯ ಆಧಾರವಾಗಿದ್ದವು.

ಕನ್ನಡದ ‘ವಂಶವಾಹಿ’ ಎಂಬ ಪದ ಚೆನ್ನಾಗಿಯೇ ಇದೆ, ಆದರೆ ಅದು ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ಜೀನ್ ತಲೆಮಾರಿನಿಂದ ತಲೆಮಾರಿಗೆ ಸಾಗುವುದಷ್ಟೇ ಅಲ್ಲ, ಈ ಕ್ಷಣದಲ್ಲಿ ನಿಮ್ಮ ಯಕೃತ್ತಿನಲ್ಲಿಯೂ ಚರ್ಮದಲ್ಲಿಯೂ ಓದಲ್ಪಡುತ್ತಿದೆ. ಮುಂದೆ ಈ ಎರಡನೆಯ ಕೆಲಸದ ಬಗ್ಗೆಯೇ ಹೆಚ್ಚು ಹೇಳಬೇಕಾಗಿ ಬರುತ್ತದೆ.

ಡಿಎನ್‌ಎ, ವರ್ಣತಂತು, ಜೀನೋಮ್ ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಡಿಎನ್‌ಎ ಒಂದು ರಾಸಾಯನಿಕ ವಸ್ತು. ಎ, ಟಿ, ಜಿ, ಸಿ ಎಂದು ಗುರುತಿಸುವ ನಾಲ್ಕು ಘಟಕಗಳ ಸಾಲು. ಆ ಸಾಲು ಪ್ರೋಟೀನುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡಾಗ ವರ್ಣತಂತು ಆಗುತ್ತದೆ. ಒಂದು ಜೀವಿಯ ಒಂದು ಪೂರ್ಣ ಸೆಟ್ ಡಿಎನ್‌ಎಗೆ ಜೀನೋಮ್ ಎಂದು ಹೆಸರು. ಮನುಷ್ಯನ ಜೀನೋಮಿನಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಸೆಟ್‌ಗಳು 46 ವರ್ಣತಂತುಗಳಲ್ಲಿ ಹಂಚಿಹೋಗಿವೆ. ಒಂದು ಕೋಶದ ಡಿಎನ್‌ಎಯನ್ನೆಲ್ಲ ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅಂದಹಾಗೆ, ಮನುಷ್ಯನಲ್ಲಿ 48 ವರ್ಣತಂತುಗಳಿವೆ ಎಂದೇ ದಶಕಗಳ ಕಾಲ ನಂಬಲಾಗಿತ್ತು. 46 ಎಂಬ ಸರಿಯಾದ ಎಣಿಕೆ ಬಂದದ್ದು 1956ರಲ್ಲಿ.

ಮೆಂಡೆಲ್ ಅವರು ನಿಜವಾಗಿ ಕಂಡುಕೊಂಡದ್ದೇನು?

ಗ್ರೆಗರ್ ಮೆಂಡೆಲ್ ಅವರು ಈಗಿನ ಝೆಕ್ ಗಣರಾಜ್ಯದ ಬರ್ನೋ ನಗರದ ಮಠವೊಂದರ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಗಿಡಗಳ ಏಳು ಗುಣಗಳನ್ನು ಹಿಂಬಾಲಿಸಿದರು. ದುಂಡನೆಯ ಕಾಳಿನ ಗಿಡಕ್ಕೂ ಸುಕ್ಕುಗಟ್ಟಿದ ಕಾಳಿನ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ತಲೆಮಾರಿನಲ್ಲಿ ಎಲ್ಲ ಕಾಳುಗಳೂ ದುಂಡಗಿದ್ದವು. ಆ ಕಾಳುಗಳಿಂದ ಬೆಳೆದ ಗಿಡಗಳನ್ನು ತಮ್ಮಷ್ಟಕ್ಕೇ ಪರಾಗಸ್ಪರ್ಶಕ್ಕೆ ಬಿಟ್ಟಾಗ 5,474 ದುಂಡನೆಯ ಕಾಳುಗಳೂ 1,850 ಸುಕ್ಕಿನ ಕಾಳುಗಳೂ ಸಿಕ್ಕವು. ಅಂದರೆ ಹೆಚ್ಚುಕಡಿಮೆ 3:1.

ಅನುಪಾತವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ನಿಜವಾದ ಶೋಧ ಇರುವುದು ಅದರ ಹಿಂದೆ. ತಂದೆ ತಾಯಿಯರ ಗುಣಗಳು ಎರಡು ಬಣ್ಣಗಳಂತೆ ಬೆರೆತು ಮಧ್ಯಮ ಬಣ್ಣವಾಗುತ್ತವೆ ಎಂದು ಆ ಕಾಲದವರು ಭಾವಿಸಿದ್ದರು. ಬೆರೆತು ಹೋಗಿದ್ದರೆ ಸುಕ್ಕು ಒಂದು ತಲೆಮಾರು ಅಡಗಿದ್ದು ಮರುತಲೆಮಾರಿನಲ್ಲಿ ಕಿಂಚಿತ್ತೂ ಕುಂದದೆ ಮರಳಿ ಬರುತ್ತಿರಲಿಲ್ಲ. ಪ್ರತಿ ಗುಣಕ್ಕೆ ಕಾರಣವಾದ ಅಂಶಗಳು ಜೋಡಿಯಾಗಿರುತ್ತವೆ, ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ಆ ಜೋಡಿ ಬೇರ್ಪಡುತ್ತದೆ, ಒಂದಕ್ಕೊಂದು ಕಲಬೆರಕೆಯಾಗದೆ ಮುಂದಕ್ಕೆ ಸಾಗುತ್ತದೆ ಎಂಬುದು ಮೆಂಡೆಲ್ ಅವರ ತೀರ್ಮಾನ. 1866ರಲ್ಲಿ ಅದು ಮುದ್ರಣವಾಯಿತು. 1884ರಲ್ಲಿ ಅವರು ತೀರಿಕೊಂಡರು. 1900ರವರೆಗೆ ಅದರ ಮಹತ್ವವನ್ನು ಬಹುಮಟ್ಟಿಗೆ ಯಾರೂ ಗುರುತಿಸಲಿಲ್ಲ.

ಪ್ರಬಲ ಜೀನ್ ಎಂದರೆ ಹೆಚ್ಚು ಶಕ್ತಿಯುಳ್ಳ ಜೀನೇ? ಅದು ಕ್ರಮೇಣ ದುರ್ಬಲ ಜೀನನ್ನು ಅಳಿಸಿಹಾಕುತ್ತದೆಯೇ?

ಎರಡಕ್ಕೂ ಉತ್ತರ ‘ಇಲ್ಲ’. ಪ್ರಬಲ, ದುರ್ಬಲ ಎಂಬ ಪದಗಳು ಕುಸ್ತಿಯ ಕಣವನ್ನು ನೆನಪಿಗೆ ತರುತ್ತವೆ. ಕೋಶದೊಳಗೆ ಅಂಥ ಸೆಣಸಾಟವೇನೂ ನಡೆಯುವುದಿಲ್ಲ.

ಬಟಾಣಿಯ ಕಾಳನ್ನೇ ನೋಡೋಣ. ಅದು ಏಕೆ ಸುಕ್ಕುಗಟ್ಟುತ್ತದೆ ಎಂಬುದು 1990ರಲ್ಲಿ ಗೊತ್ತಾಯಿತು. ಪಿಷ್ಟದ ಅಣುವಿಗೆ ಕವಲುಗಳನ್ನು ಕೂಡಿಸುವ ಒಂದು ಕಿಣ್ವವಿದೆ. ಸುಕ್ಕಿನ ತಳಿಯಲ್ಲಿ ಆ ಕಿಣ್ವದ ಜೀನಿನ ನಡುವೆ ಸುಮಾರು 800 ಅಕ್ಷರಗಳ ಒಂದು ಅನ್ಯ ತುಣುಕು ಬಂದು ಸೇರಿಕೊಂಡಿದೆ. ಇದರಿಂದ ಕಿಣ್ವ ತಯಾರಾಗುವುದಿಲ್ಲ. ಸಕ್ಕರೆ ಪಿಷ್ಟವಾಗದೆ ಉಳಿಯುತ್ತದೆ. ಸಕ್ಕರೆ ಹೆಚ್ಚಾದ ಎಳೆಯ ಕಾಳು ಹೆಚ್ಚು ನೀರನ್ನು ಹೀರಿ ಉಬ್ಬುತ್ತದೆ. ಬಲಿತು ಒಣಗುವಾಗ ಆ ನೀರೆಲ್ಲ ಹೋಗಿ ಸಿಪ್ಪೆ ಸುಕ್ಕಾಗುತ್ತದೆ. ಒಂದು ಸರಿಯಾದ ಪ್ರತಿ, ಒಂದು ಕೆಟ್ಟ ಪ್ರತಿ ಇರುವ ಕಾಳಿನಲ್ಲಿ ಆ ಒಂದೇ ಪ್ರತಿಯಿಂದ ಬರುವ ಕಿಣ್ವ ಕಾಳು ದುಂಡಗಿರಲು ಸಾಕಾಗುತ್ತದೆ. ‘ದುಂಡು ಪ್ರಬಲ’ ಎಂಬ ಮಾತಿನ ಅರ್ಥ ಇಷ್ಟೇ.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಅದೇ ಕಾಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಪಿಷ್ಟದ ಹರಳುಗಳನ್ನು ನೋಡಿದರೆ ಅವು ದುಂಡನೆಯ ತಳಿಯ ಹರಳುಗಳಂತೆಯೂ ಇರುವುದಿಲ್ಲ, ಸುಕ್ಕಿನ ತಳಿಯವುಗಳಂತೆಯೂ ಇರುವುದಿಲ್ಲ, ನಡುವಿನ ರೂಪದಲ್ಲಿರುತ್ತವೆ. ಹೊರಗಿನಿಂದ ನೋಡಿದರೆ ಪ್ರಬಲವಾದದ್ದು ಒಳಗೆ ನೋಡಿದರೆ ಪ್ರಬಲವಲ್ಲ. ಪ್ರಾಬಲ್ಯವೆಂಬುದು ಜೀನಿನ ಮೈಮೇಲೆ ಬರೆದಿಟ್ಟ ಗುಣವಲ್ಲ, ನಾವು ಯಾವ ಮಟ್ಟದಲ್ಲಿ ನೋಡುತ್ತೇವೆ ಎಂಬುದನ್ನು ಅವಲಂಬಿಸಿದ ವರ್ಣನೆ.

ಅಳಿಸಿಹಾಕುವ ಪ್ರಶ್ನೆಗೆ 1908ರಲ್ಲಿಯೇ ಗಣಿತಜ್ಞ ಜಿ. ಎಚ್. ಹಾರ್ಡಿ ಮತ್ತು ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ ಬೇರೆಬೇರೆಯಾಗಿ ಉತ್ತರ ಕೊಟ್ಟರು: ಆಯ್ಕೆಯ ಒತ್ತಡವೇನೂ ಇಲ್ಲದ ದೊಡ್ಡ ಸಮೂಹದಲ್ಲಿ ಪ್ರಬಲ ರೂಪ ತಾನು ಪ್ರಬಲವೆಂಬ ಕಾರಣಕ್ಕೇ ಹೆಚ್ಚಾಗುವುದಿಲ್ಲ. ಉದಾಹರಣೆಗೆ, ಓ ರಕ್ತದ ಗುಂಪು ದುರ್ಬಲ ರೂಪ. ಆದರೂ ಅನೇಕ ಜನಸಮುದಾಯಗಳಲ್ಲಿ ಅದೇ ಅತಿ ಸಾಮಾನ್ಯ. ಮಿದುಳಿನ ನರಕೋಶಗಳು ಕ್ರಮೇಣ ನಾಶವಾಗುವ ಹಂಟಿಂಗ್ಟನ್ ಕಾಯಿಲೆಯ ಜೀನ್ ರೂಪ ಪ್ರಬಲ. ಆದರೂ ಅದು ವಿರಳ.

ಒಂದೇ ತಂದೆ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರು ಏಕಿಲ್ಲ?

ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ 23 ಜೋಡಿ ವರ್ಣತಂತುಗಳಲ್ಲಿ ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಹೋಗುತ್ತದೆ, ಯಾವುದು ಎಂಬುದು ಆಕಸ್ಮಿಕ. ಇಷ್ಟರಿಂದಲೇ ಒಬ್ಬ ವ್ಯಕ್ತಿಯಲ್ಲಿ ಸುಮಾರು 84 ಲಕ್ಷ ಬಗೆಯ ಜೋಡಣೆಗಳು ಸಾಧ್ಯ. ಸಾಲದೆಂಬಂತೆ, ಬೇರ್ಪಡುವ ಮೊದಲು ಜೋಡಿಯ ಎರಡು ವರ್ಣತಂತುಗಳು ಒಂದರ ಪಕ್ಕ ಒಂದು ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹೀಗಾಗಿ ನೀವು ತಂದೆಯಿಂದ ಪಡೆದ ವರ್ಣತಂತುಗಳಲ್ಲಿ ಬಹುಪಾಲು ಅಜ್ಜ ಅಜ್ಜಿ ಇಬ್ಬರ ತುಂಡುಗಳನ್ನೂ ಹೆಣೆದು ಮಾಡಿದವು.

ಈ ಅದಲುಬದಲು ಸಂಶೋಧಕರಿಗೆ ಅಳತೆಗೋಲೂ ಆಯಿತು. ಒಂದೇ ವರ್ಣತಂತುವಿನಲ್ಲಿ ಹತ್ತಿರವಿರುವ ಜೀನ್‌ಗಳು ಒಟ್ಟಿಗೇ ಸಾಗುತ್ತವೆ, ದೂರವಿದ್ದಷ್ಟೂ ಬೇರ್ಪಡುವ ಸಂಭವ ಹೆಚ್ಚು. ಥಾಮಸ್ ಹಂಟ್ ಮಾರ್ಗನ್ ಅವರ ಹಣ್ಣುನೊಣಗಳ ಪ್ರಯೋಗಾಲಯದಲ್ಲಿದ್ದ ಆಲ್ಫ್ರೆಡ್ ಸ್ಟರ್ಟವಂಟ್ ಈ ತರ್ಕವನ್ನು ಬಳಸಿ 1913ರಲ್ಲಿ ಮೊದಲ ಜೀನ್ ನಕ್ಷೆಯನ್ನು ಪ್ರಕಟಿಸಿದರು. ಡಿಎನ್‌ಎ ಎಂದರೇನೆಂದು ತಿಳಿಯದಿದ್ದರೂ ಜೀನ್‌ಗಳು ಯಾವ ಕ್ರಮದಲ್ಲಿವೆ ಎಂದು ಹೇಳಲು ಅವರಿಗೆ ಸಾಧ್ಯವಾಯಿತು.

ತಂದೆ ತಾಯಿ ಇಬ್ಬರಿಗೂ ಇಲ್ಲದ ಆನುವಂಶಿಕ ಕಾಯಿಲೆ ಮಗುವಿಗೆ ಹೇಗೆ ಬರುತ್ತದೆ?

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು, ಇಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿರುವುದು. ಒಂದು ಸರಿಯಾದ ಪ್ರತಿ ಇರುವುದರಿಂದ ಅವರು ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬಂದಾಗ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹೀಗಾಗುವ ಸಂಭವ ಪ್ರತಿ ಗರ್ಭಧಾರಣೆಯಲ್ಲಿಯೂ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂದಿದೆ, ಇನ್ನು ಮೂವರಿಗೆ ಬರುವುದಿಲ್ಲ’ ಎಂದು ಲೆಕ್ಕ ಹಾಕುವುದು ದೊಡ್ಡ ತಪ್ಪು; ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹತ್ತಿರದ ರಕ್ತಸಂಬಂಧಿಗಳು ಮದುವೆಯಾದಾಗ ಈ ಅಪಾಯ ಹೆಚ್ಚುವುದೂ ಇದೇ ಕಾರಣಕ್ಕೆ: ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳು ತಮ್ಮ ತಮ್ಮೊಳಗೆ ಸರಾಸರಿ ಎಂಟನೇ ಒಂದು ಪಾಲು ಡಿಎನ್‌ಎಯನ್ನು ಹಂಚಿಕೊಂಡಿರುತ್ತಾರೆ, ಹಾಗಾಗಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಅಪರಿಚಿತರಿಗಿಂತ ಹೆಚ್ಚು.

ಎರಡನೆಯದು, ಹೊಸ ಬದಲಾವಣೆ. ಪ್ರತಿ ಮಗುವಿನಲ್ಲಿಯೂ ತಂದೆ ತಾಯಿ ಯಾರಲ್ಲಿಯೂ ಇಲ್ಲದ ಸುಮಾರು 60ರಿಂದ 70 ಹೊಸ ಅಕ್ಷರ ಬದಲಾವಣೆಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಂದೆಯ ಕಡೆಯಿಂದ ಬರುತ್ತವೆ, ತಂದೆಯ ವಯಸ್ಸು ಏರಿದಂತೆ ಸಂಖ್ಯೆಯೂ ಏರುತ್ತದೆ. ಬಹುತೇಕ ಬದಲಾವಣೆಗಳಿಂದ ಏನೂ ಆಗುವುದಿಲ್ಲ; ಎಲ್ಲೋ ಒಂದು ಮುಖ್ಯವಾದ ಜಾಗದಲ್ಲಿ ಬಿದ್ದರೆ ತೊಂದರೆ.

ಕೆಲವು ಕಾಯಿಲೆಗಳು ಗಂಡುಮಕ್ಕಳಲ್ಲಿಯೇ ಹೆಚ್ಚು ಏಕೆ?

ಕೆಂಪು ಹಸಿರು ಬಣ್ಣಗುರುಡು, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ಡುಶೆನ್ ಸ್ನಾಯುಕ್ಷಯ ಇವುಗಳ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿವೆ. ಗಂಡಿನಲ್ಲಿ ಎಕ್ಸ್ ಒಂದೇ. ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಎರಡನೆಯ ಪ್ರತಿ ಇಲ್ಲ. ಹೆಣ್ಣಿನಲ್ಲಿ ಎರಡು ಎಕ್ಸ್ ಇವೆ. ಆದರೆ ಪ್ರತಿ ಕೋಶವೂ ಎರಡರಲ್ಲಿ ಒಂದನ್ನು ಭ್ರೂಣಾವಸ್ಥೆಯಲ್ಲಿಯೇ ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ, ಯಾವುದನ್ನು ಮುಚ್ಚುವುದು ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಇದನ್ನು 1961ರಲ್ಲಿ ಮೇರಿ ಲಿಯಾನ್ ಪ್ರತಿಪಾದಿಸಿದರು. ಕಪ್ಪು ಮತ್ತು ಕಿತ್ತಳೆ ಬಣ್ಣದ ತೇಪೆಗಳಿರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣಾಗಿರುವುದು ಇದರಿಂದಲೇ. ಆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದ್ದು, ಕೆಲವು ಕೋಶಸಮೂಹಗಳಲ್ಲಿ ಒಂದು ಎಕ್ಸ್, ಉಳಿದವುಗಳಲ್ಲಿ ಇನ್ನೊಂದು ಕೆಲಸ ಮಾಡುತ್ತಿರುತ್ತದೆ.

ಲಿಂಗನಿರ್ಧಾರಕ್ಕೆ ಎಕ್ಸ್ ಮತ್ತು ವೈ ವರ್ಣತಂತುಗಳೇ ಬೇಕೆಂದೇನೂ ಇಲ್ಲ. ಹಕ್ಕಿಗಳಲ್ಲಿ ಎರಡು ಬೇರೆಬೇರೆ ಲಿಂಗ ವರ್ಣತಂತುಗಳಿರುವುದು ಹೆಣ್ಣಿನಲ್ಲಿ. ಮೊಸಳೆಗಳಲ್ಲಿ ಮೊಟ್ಟೆಯ ಸುತ್ತಲಿನ ಉಷ್ಣತೆಯೇ ತೀರ್ಮಾನಿಸುತ್ತದೆ.

ತಾಯಿಯಿಂದ ಮಾತ್ರ ಬರುವ ಜೀನ್‌ಗಳಿವೆಯೇ?

ಇವೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಉಂಟು. ಮನುಷ್ಯನಲ್ಲಿ ಅದು 16,569 ಅಕ್ಷರಗಳ ಒಂದು ವರ್ತುಲ, ಅದರಲ್ಲಿ 37 ಜೀನ್‌ಗಳು. ಅದು ಅಂಡಾಣುವಿನ ಮೂಲಕವೇ ಬರುತ್ತದೆ.

ಜೀನ್ ‘ಕೆಲಸ ಮಾಡುತ್ತದೆ’ ಎಂದರೆ ಏನಾಗುತ್ತದೆ?

ಮೊದಲು ಜೀನಿನ ಅಕ್ಷರಸಾಲು ಆರ್‌ಎನ್‌ಎ ರೂಪದಲ್ಲಿ ನಕಲಾಗುತ್ತದೆ. ಆ ನಕಲಿನಿಂದ ಬೇಡದ ಭಾಗಗಳನ್ನು ಕತ್ತರಿಸಿ, ಉಳಿದ ತುಂಡುಗಳನ್ನು ಜೋಡಿಸಲಾಗುತ್ತದೆ. ಹೀಗೆ ಸಿದ್ಧವಾದ ಸಂದೇಶ ಕೋಶಕೇಂದ್ರದಿಂದ ಹೊರಬಂದು ರೈಬೋಸೋಮನ್ನು ಸೇರುತ್ತದೆ. ಅಲ್ಲಿ ಮೂರು ಮೂರು ಅಕ್ಷರಗಳನ್ನು ಒಂದು ಪದದಂತೆ ಓದಿ, ಪ್ರತಿ ಪದಕ್ಕೆ ಒಂದು ಅಮೈನೋ ಆಮ್ಲದಂತೆ ಪೋಣಿಸಿ ಪ್ರೋಟೀನು ತಯಾರಾಗುತ್ತದೆ.

ಕತ್ತರಿಸುವ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ಡುಶೆನ್ ಸ್ನಾಯುಕ್ಷಯಕ್ಕೆ ಸಂಬಂಧಿಸಿದ ಡಿಸ್ಟ್ರೋಫಿನ್ ಜೀನನ್ನು ನೋಡಬೇಕು. ಅದರ ಉದ್ದ ಸುಮಾರು 22 ಲಕ್ಷ ಅಕ್ಷರಗಳು. ಒಂದು ಸಲ ಪೂರ್ತಿ ನಕಲು ಮಾಡಲು ಹತ್ತಾರು ಗಂಟೆ ಹಿಡಿಯುತ್ತದೆ. ಕೊನೆಗೆ ಉಳಿಯುವ ಸಂದೇಶ ಸುಮಾರು 14,000 ಅಕ್ಷರಗಳದು. ತುಂಡುಗಳನ್ನು ಬೇರೆಬೇರೆ ರೀತಿಯಲ್ಲಿ ಜೋಡಿಸಿ ಒಂದೇ ಜೀನಿನಿಂದ ಹಲವು ಪ್ರೋಟೀನುಗಳನ್ನು ಪಡೆಯುವುದೂ ಸಾಮಾನ್ಯ. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ಜೀನ್‌ಗಳು ಸುಮಾರು 20,000 ಮಾತ್ರ ಇದ್ದು, ಗೋಧಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇರುವುದನ್ನು ಕೇಳಿ ಬೇಸರಪಡುವವರಿಗೆ ಇದನ್ನು ಹೇಳಬೇಕಾಗುತ್ತದೆ: ಜೀನ್‌ಗಳ ಎಣಿಕೆಯಿಂದ ಜೀವಿಯ ಸಂಕೀರ್ಣತೆಯನ್ನು ಅಳೆಯಲಾಗದು.

ಮೂರಕ್ಷರದ ಪದಗಳು ಒಟ್ಟು 64. ಅವುಗಳಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಮೊದಲ ಪದದ ಅರ್ಥವನ್ನು ಬಿಡಿಸಿದರು. ಗೊತ್ತಿರುವ ಕ್ರಮದಲ್ಲಿ ಅಕ್ಷರಗಳನ್ನು ಜೋಡಿಸಿ ಕೃತಕ ಆರ್‌ಎನ್‌ಎ ತಯಾರಿಸಿದ ಹರಗೋಬಿಂದ ಖೊರಾನಾ ಅವರ ರಸಾಯನಶಾಸ್ತ್ರ ಉಳಿದವುಗಳಲ್ಲಿ ಅನೇಕವನ್ನು ಖಚಿತಪಡಿಸಿತು. 1968ರ ನೊಬೆಲ್ ಬಹುಮಾನವನ್ನು ಖೊರಾನಾ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಹಂಚಿಕೊಂಡರು. ಅಲ್ಪಸ್ವಲ್ಪ ವ್ಯತ್ಯಾಸ ಬಿಟ್ಟರೆ ಈ ಸಂಕೇತಭಾಷೆ ಎಲ್ಲ ಜೀವಿಗಳಲ್ಲೂ ಒಂದೇ. ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಅದು ಮನುಷ್ಯನ ಇನ್ಸುಲಿನ್ನನ್ನೇ ತಯಾರಿಸಿಕೊಡುತ್ತದೆ; 1982ರಿಂದ ಅದು ಔಷಧವಾಗಿ ಬಳಕೆಯಲ್ಲಿದೆ.

ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ ಇದ್ದರೆ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಇರುವುದು ಹೇಗೆ?

ಯಾವ ಕೋಶ ಯಾವ ಜೀನ್‌ಗಳನ್ನು ಓದುತ್ತದೆ ಎಂಬುದರಿಂದ. ಬೇಡದ ಜೀನ್‌ಗಳು ಕಳೆದುಹೋಗಿರುವುದಿಲ್ಲ, ಮುಚ್ಚಿರುತ್ತವೆ. ಜಾನ್ ಗರ್ಡನ್ ಅವರು ಕಪ್ಪೆಮರಿಯ ಕರುಳಿನ ಕೋಶದ ಕೇಂದ್ರವನ್ನು ತನ್ನ ಕೇಂದ್ರ ಕಳೆದುಕೊಂಡ ಅಂಡಕ್ಕೆ ಸೇರಿಸಿ ಹೊಸ ಕಪ್ಪೆಯನ್ನೇ ಪಡೆದದ್ದು ಇದನ್ನು ತೋರಿಸಿತು.

ತೆರೆದು ಮುಚ್ಚುವ ವ್ಯವಸ್ಥೆಯ ಮೊದಲ ಸ್ಪಷ್ಟ ಚಿತ್ರವನ್ನು 1961ರಲ್ಲಿ ಫ್ರಾನ್ಸ್ವಾ ಜಾಕೊಬ್ ಮತ್ತು ಜಾಕ್ ಮೊನೊ ಕೊಟ್ಟರು. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಜೀನ್‌ಗಳ ಮುಂದೆ ಒಂದು ಪ್ರೋಟೀನು ಅಡ್ಡವಾಗಿ ಕುಳಿತಿರುತ್ತದೆ. ಹಾಲಿನ ಸಕ್ಕರೆ ಬಂದಾಗ ಅದರಿಂದ ಹುಟ್ಟಿದ ಒಂದು ಅಣು ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕದಲಿಸುತ್ತದೆ, ದಾರಿ ತೆರವಾಗುತ್ತದೆ. ಸಕ್ಕರೆ ಮುಗಿದರೆ ಮತ್ತೆ ಅಡ್ಡಗಟ್ಟು.

ಮನುಷ್ಯನಲ್ಲಿಯೂ ಹಾಲಿನ ಸಕ್ಕರೆಯದೇ ಒಂದು ಉದಾಹರಣೆ ಇದೆ. ಅದನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವದ ಜೀನ್ ಶೈಶವದ ನಂತರ ಬಹುಪಾಲು ಜನರಲ್ಲಿ ಕುಗ್ಗುತ್ತದೆ. ಕೆಲವರಲ್ಲಿ ದೊಡ್ಡವರಾದ ಮೇಲೂ ನಡೆಯುತ್ತಲೇ ಇರುತ್ತದೆ. ಇದಕ್ಕೆ ಕಾರಣವಾದ, ಯುರೋಪಿನ ಜನರಲ್ಲಿ ಸಾಮಾನ್ಯವಾದ ಬದಲಾವಣೆ ಲ್ಯಾಕ್ಟೇಸ್ ಜೀನಿನಲ್ಲಿ ಇಲ್ಲವೇ ಇಲ್ಲ. ಅದು ಸುಮಾರು 14,000 ಅಕ್ಷರಗಳಷ್ಟು ಆಚೆ, ಪಕ್ಕದ ಇನ್ನೊಂದು ಜೀನಿನ ಒಳಗೆ ಇದೆ. ಕಿಣ್ವ ಅದೇ, ಬದಲಾದದ್ದು ಅದನ್ನು ಓದುವ ಕಾಲಾವಧಿ.

ಪ್ರೋಟೀನು ತಯಾರಿಸದ 98 ಶೇಕಡಾ ಡಿಎನ್‌ಎ ಬರೀ ಕಸವೇ?

ಕೆಲವು ಭಾಗ ಖಂಡಿತ ಕಸವಲ್ಲ: ಮೇಲೆ ಹೇಳಿದಂಥ ನಿಯಂತ್ರಕ ಸಾಲುಗಳು, ಕೆಲಸ ಮಾಡುವ ಆರ್‌ಎನ್‌ಎಗಳ ಜೀನ್‌ಗಳು, ವರ್ಣತಂತುವಿನ ತುದಿ ಮತ್ತು ನಡುವಿನ ರಚನೆಗಳು ಅಲ್ಲಿವೆ. ಆದರೆ ಎಲ್ಲವೂ ಉಪಯುಕ್ತ ಎಂದು ಎದುರು ದಿಕ್ಕಿಗೆ ಜಿಗಿಯುವುದೂ ಸರಿಯಲ್ಲ. ಈರುಳ್ಳಿಯ ಜೀನೋಮ್ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಅಷ್ಟೂ ಅಕ್ಷರಗಳು ಈರುಳ್ಳಿಗೆ ಅಗತ್ಯವೆಂದು ವಾದಿಸುವುದು ಕಷ್ಟ.

ನಮ್ಮ ಜೀನೋಮಿನ ಅರ್ಧದಷ್ಟು ಭಾಗ ಜಾಗದಿಂದ ಜಾಗಕ್ಕೆ ಹಾರುವ ತುಣುಕುಗಳ ಅವಶೇಷ. ಬಾರ್ಬರಾ ಮೆಕ್ಲಿಂಟಾಕ್ ಇಂಥವನ್ನು ಮೆಕ್ಕೆಜೋಳದಲ್ಲಿ 1940ರ ದಶಕದಲ್ಲಿಯೇ ಗುರುತಿಸಿದ್ದರು. ನೊಬೆಲ್ ಬಂದದ್ದು 1983ರಲ್ಲಿ. ಬಟಾಣಿಯ ಕಿಣ್ವವನ್ನು ಕೆಡಿಸಿದ ಆ 800 ಅಕ್ಷರಗಳೂ ಇದೇ ಕುಲಕ್ಕೆ ಸೇರಿದವು. ಹಾರುವ ತುಣುಕುಗಳಲ್ಲಿ ಕೆಲವು ಕಾಲಕ್ರಮದಲ್ಲಿ ಮನೆಯವೇ ಆಗಿಬಿಡುತ್ತವೆ: ಗರ್ಭದಲ್ಲಿ ಮಾಸು ರೂಪುಗೊಳ್ಳಲು ಬೇಕಾದ ಸಿನ್‌ಸೈಟಿನ್ ಎಂಬ ಪ್ರೋಟೀನಿನ ಜೀನ್ ಮೂಲತಃ ಒಂದು ವೈರಸ್ಸಿನದು.

ಮ್ಯುಟೇಶನ್ ಯಾವಾಗಲೂ ಕೆಟ್ಟದ್ದೇ?

ಅದು ಅಕ್ಷರದ ಬದಲಾವಣೆ, ಅಷ್ಟೇ. ಒಳಿತು ಕೆಡುಕು ಸಂದರ್ಭದಲ್ಲಿರುತ್ತದೆ. ಕುಡುಗೋಲು ಕಣ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಜೀನಿನ ಒಂದೇ ಒಂದು ‘ಎ’ ಜಾಗಕ್ಕೆ ‘ಟಿ’ ಬಂದಿರುತ್ತದೆ. ಒಂದು ಅಮೈನೋ ಆಮ್ಲ ಬದಲಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಗ್ಗಿಸುತ್ತವೆ. ಎರಡೂ ಪ್ರತಿಗಳು ಹೀಗಿದ್ದರೆ ತೀವ್ರವಾದ ಕಾಯಿಲೆ. ಒಂದು ಪ್ರತಿ ಮಾತ್ರ ಹೀಗಿದ್ದರೆ ಗಂಭೀರ ಮಲೇರಿಯಾದಿಂದ ಗಣನೀಯ ರಕ್ಷಣೆ. ಮಲೇರಿಯಾ ಹಿಂದಿನಿಂದಲೂ ಹರಡಿದ್ದ ಪ್ರದೇಶಗಳಲ್ಲಿ ಈ ರೂಪ ಉಳಿದುಕೊಂಡದ್ದು ಅದರಿಂದಲೇ.

ಎತ್ತರಕ್ಕೆ, ಬುದ್ಧಿಗೆ, ನಾಲಿಗೆ ಮಡಿಸುವುದಕ್ಕೆ ಇಂಥದೇ ಜೀನ್ ಎಂದು ಇದೆಯೇ?

ನಾಲಿಗೆಯನ್ನು ಕೊಳವೆಯಂತೆ ಮಡಿಸುವುದು ಒಂದೇ ಪ್ರಬಲ ಜೀನಿನ ಗುಣ ಎಂದು 1940ರಲ್ಲಿ ಬರೆದವರು ಮೇಲೆ ಹೇಳಿದ ಸ್ಟರ್ಟವಂಟ್ ಅವರೇ. ತದ್ರೂಪಿ ಅವಳಿಗಳಲ್ಲಿ ಒಬ್ಬರು ಮಡಿಸಬಲ್ಲರು, ಇನ್ನೊಬ್ಬರಿಗೆ ಆಗದು ಎಂಬುದು ಮುಂದೆ ಕಂಡುಬಂದಾಗ ಅವರೇ ಆ ಮಾತನ್ನು ಹಿಂತೆಗೆದುಕೊಂಡರು. ಶಾಲೆಯ ಪಾಠಗಳು ಮಾತ್ರ ಇನ್ನೂ ಹಿಂತೆಗೆದುಕೊಂಡಿಲ್ಲ.

ಎತ್ತರದ ವಿಷಯದಲ್ಲಿ 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನ 12,000ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿತು. ಪ್ರತಿಯೊಂದರ ಪ್ರಭಾವ ಅತ್ಯಲ್ಪ. ಇಂಥ ಗುಣಗಳಲ್ಲಿ ಪೋಷಣೆ, ಕಾಯಿಲೆ, ಪರಿಸರ ಎಲ್ಲವೂ ಸೇರುತ್ತವೆ. ಕಲಿಕೆ ಮತ್ತು ಬುದ್ಧಿಯ ವಿಷಯದಲ್ಲಿ ಇನ್ನೂ ಹೆಚ್ಚು.

‘ಆನುವಂಶಿಕತೆ 80 ಶೇಕಡಾ’ ಎಂಬಂಥ ಸಂಖ್ಯೆಗಳನ್ನು ಓದುವಾಗ ಎಚ್ಚರ ಬೇಕು. ಅದು ಒಬ್ಬ ವ್ಯಕ್ತಿಯ ಗುಣದಲ್ಲಿ ಎಷ್ಟು ಪಾಲು ಜೀನಿನದು ಎಂದು ಹೇಳುವುದಿಲ್ಲ. ಒಂದು ನಿರ್ದಿಷ್ಟ ಸಮೂಹದಲ್ಲಿ, ನಿರ್ದಿಷ್ಟ ಪರಿಸರದಲ್ಲಿ, ಜನರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್‌ಗಳ ವ್ಯತ್ಯಾಸದಿಂದ ಬಂದಿದೆ ಎಂಬುದನ್ನಷ್ಟೇ ಹೇಳುತ್ತದೆ. ಕೈಯಲ್ಲಿ ಐದು ಬೆರಳು ಮೂಡುವುದು ಜೀನ್‌ಗಳಿಂದಲೇ. ಆದರೆ ದೊಡ್ಡವರಲ್ಲಿ ಬೆರಳಿನ ಸಂಖ್ಯೆ ಕಡಿಮೆಯಾಗುವುದು ಹೆಚ್ಚಾಗಿ ಅಪಘಾತಗಳಿಂದ. ಆದ್ದರಿಂದ ಬೆರಳಿನ ಸಂಖ್ಯೆಯ ಆನುವಂಶಿಕತೆಯನ್ನು ಲೆಕ್ಕ ಹಾಕಿದರೆ ಬಹಳ ಕಡಿಮೆ ಬರುತ್ತದೆ.

ಬದುಕಿನಲ್ಲಿ ಪಟ್ಟ ಕಷ್ಟ ಮಕ್ಕಳ ಜೀನಿಗೂ ದಾಟುತ್ತದೆಯೇ?

ಡಿಎನ್‌ಎಯ ಅಕ್ಷರಗಳನ್ನು ಬದಲಿಸದೆ, ಅವುಗಳ ಮೇಲೆ ಮೀಥೈಲ್ ಮುಂತಾದ ರಾಸಾಯನಿಕ ಗುರುತುಗಳನ್ನು ಕೂರಿಸಿ ಓದುವಿಕೆಯನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ಎಪಿಜೆನೆಟಿಕ್ಸ್ ಎನ್ನುತ್ತಾರೆ. ಸಸ್ಯಗಳಲ್ಲಿ ಈ ಗುರುತುಗಳು ತಲೆಮಾರುಗಳನ್ನು ದಾಟುತ್ತವೆ ಎಂಬುದು ಖಚಿತ. ಲಿನ್ನೇಯಸ್ 1744ರಲ್ಲಿ ವರ್ಣಿಸಿದ, ಹೂವಿನ ಆಕಾರವೇ ಬದಲಾಗಿದ್ದ ಒಂದು ಲಿನೇರಿಯಾ ಸಸ್ಯವನ್ನು 1999ರಲ್ಲಿ ಪರೀಕ್ಷಿಸಿದಾಗ ವ್ಯತ್ಯಾಸ ಇದ್ದದ್ದು ಒಂದು ಜೀನಿನ ಮೇಲಿನ ಮೀಥೈಲ್ ಗುರುತಿನಲ್ಲಿ.

ಸಸ್ತನಿಗಳಲ್ಲಿ ಹೀಗಲ್ಲ. ಇಲ್ಲಿ ಅಂಡಾಣು, ವೀರ್ಯಾಣುಗಳ ಮೂಲಕೋಶಗಳು ರೂಪುಗೊಳ್ಳುವಾಗ ಒಮ್ಮೆ, ಗರ್ಭಧಾರಣೆಯಾದ ಕೂಡಲೇ ಮತ್ತೊಮ್ಮೆ ಹೆಚ್ಚಿನ ಗುರುತುಗಳು ಅಳಿಸಿಹೋಗುತ್ತವೆ. 1944-45ರ ಚಳಿಗಾಲದ ಕ್ಷಾಮದಲ್ಲಿ ನೆದರ್‌ಲೆಂಡ್ಸಿನಲ್ಲಿ ಗರ್ಭದಲ್ಲಿದ್ದವರಲ್ಲಿ ಆರು ದಶಕಗಳ ನಂತರವೂ ಕೆಲವು ಗುರುತುಗಳು ಬೇರೆಯಾಗಿದ್ದುದು ನಿಜ. ಆದರೆ ಅಲ್ಲಿ ಹಸಿವು ನೇರವಾಗಿ ಆ ಭ್ರೂಣಗಳನ್ನೇ ತಟ್ಟಿತ್ತು; ಅದನ್ನು ಅನುಭವದ ಆನುವಂಶಿಕತೆ ಎನ್ನಲಾಗದು. ಅಜ್ಜನ ಭಯ ಮೊಮ್ಮಗನ ಡಿಎನ್‌ಎಯಲ್ಲಿ ಕುಳಿತಿದೆ ಎಂಬಂಥ ಮಾತುಗಳಿಗೆ ಮನುಷ್ಯರಲ್ಲಿ ಗಟ್ಟಿಯಾದ ಆಧಾರವಿಲ್ಲ.

ಒಂದು ಜೀನಿನ ಕೆಲಸ ಏನೆಂದು ಹೇಗೆ ಪತ್ತೆ ಮಾಡುತ್ತಾರೆ?

ಹಳೆಯ ಮತ್ತು ಈಗಲೂ ನಂಬಿಕಸ್ತ ವಿಧಾನವೆಂದರೆ ಅದನ್ನು ಕೆಡಿಸಿ ಏನಾಗುತ್ತದೆಂದು ನೋಡುವುದು. ಇದಕ್ಕಾಗಿ ಬೇಗ ಬೆಳೆಯುವ, ಸಾಕಲು ಸುಲಭವಾದ ಜೀವಿಗಳನ್ನು ಆರಿಸಿಕೊಳ್ಳಲಾಗುತ್ತದೆ: ಯೀಸ್ಟ್, ಹಣ್ಣುನೊಣ, ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯ, ಜೀಬ್ರಾಮೀನು, ಇಲಿ. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿನ ಪ್ರೌಢ ದೇಹದಲ್ಲಿ 959 ದೇಹಕೋಶಗಳಿವೆ, ಅವುಗಳಲ್ಲಿ 302 ನರಕೋಶಗಳು; ಪ್ರತಿಯೊಂದರ ಹುಟ್ಟಿನ ಜಾಡೂ ತಿಳಿದಿದೆ. ಇದೇ ಹುಳುವಿನಲ್ಲಿ 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಜೋಡಿ ಎಳೆಯ ಆರ್‌ಎನ್‌ಎಯಿಂದ ಬೇಕಾದ ಜೀನನ್ನು ಸುಮ್ಮನಾಗಿಸಬಹುದೆಂದು ತೋರಿಸಿದರು.

ಮನುಷ್ಯರ ಮೇಲೆ ಹಾಗೆ ಪ್ರಯೋಗ ಮಾಡುವಂತಿಲ್ಲ, ಕುಟುಂಬಗಳನ್ನು ಹಿಂಬಾಲಿಸಬೇಕು. ಹಂಟಿಂಗ್ಟನ್ ಕಾಯಿಲೆಯ ಜೀನ್ ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು 1983ರಲ್ಲಿ ತಿಳಿಯಲು ವೆನೆಜುವೆಲಾದ ಮರಕೈಬೊ ಸರೋವರದ ಬಳಿಯ ದೊಡ್ಡ ಕುಟುಂಬಗಳ ರಕ್ತದ ಮಾದರಿಗಳು ನೆರವಾದವು. ಜೀನ್ ನಿಖರವಾಗಿ ಸಿಕ್ಕಿದ್ದು 1993ರಲ್ಲಿ. ಜಾಗ ಗೊತ್ತಾದ ಮೇಲೂ ಹತ್ತು ವರ್ಷ.

ಈಗ ಇದೆಲ್ಲ ಇಷ್ಟು ವೇಗವಾಗಿ ನಡೆಯುವುದು ಹೇಗೆ?

ಮೂರು ತಂತ್ರಗಳಿಂದ. 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಡಿಎನ್‌ಎ ಅಕ್ಷರಗಳನ್ನು ಕ್ರಮವಾಗಿ ಓದುವ ನೆಚ್ಚಬಹುದಾದ ವಿಧಾನ ಕೊಟ್ಟರು. 1983ರಲ್ಲಿ ಕೇರಿ ಮುಲ್ಲಿಸ್ ಅವರಿಗೆ ಹೊಳೆದ ಪಿಸಿಆರ್, ಒಂದು ತುಣುಕನ್ನು ಕೆಲವೇ ಗಂಟೆಗಳಲ್ಲಿ ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಇದಕ್ಕೆ ಬೇಕಾದ ಶಾಖ ತಾಳುವ ಕಿಣ್ವ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದ್ದು. ಈ ಶತಮಾನದಲ್ಲಿ ಲಕ್ಷಾಂತರ ತುಣುಕುಗಳನ್ನು ಏಕಕಾಲಕ್ಕೆ ಓದುವ ಯಂತ್ರಗಳು ಬಂದವು. ಮಾನವ ಜೀನೋಮ್ ಯೋಜನೆಗೆ 1990ರಿಂದ 2003ರವರೆಗೆ ಕಾಲ ಹಿಡಿಯಿತು, ಆಗಲೂ ಸುಮಾರು 8 ಶೇಕಡಾ ಭಾಗ ಓದಲಾಗದೆ ಉಳಿದಿತ್ತು. ಒಂದೇ ಬಗೆಯ ಸಾಲುಗಳು ಮತ್ತೆ ಮತ್ತೆ ಬರುವ ಆ ಭಾಗವೂ ಸೇರಿದ ಪೂರ್ಣ ಪಾಠ ಪ್ರಕಟವಾದದ್ದು 2022ರಲ್ಲಿ.

ಕ್ರಿಸ್ಪರ್‌ನಿಂದ ಕೆಟ್ಟ ಜೀನನ್ನು ತಿದ್ದಬಹುದೇ?

ಕ್ರಿಸ್ಪರ್ ಮೂಲತಃ ಬ್ಯಾಕ್ಟೀರಿಯಾಗಳು ವೈರಸ್ಸುಗಳ ವಿರುದ್ಧ ಬಳಸುವ ರಕ್ಷಣಾ ವ್ಯವಸ್ಥೆ. ಒಂದು ಆರ್‌ಎನ್‌ಎ ದಾರಿ ತೋರಿಸುತ್ತದೆ, ಕ್ಯಾಸ್9 ಎಂಬ ಪ್ರೋಟೀನು ಅಲ್ಲಿ ಡಿಎನ್‌ಎಯನ್ನು ಕತ್ತರಿಸುತ್ತದೆ. ದಾರಿ ತೋರಿಸುವ ಆರ್‌ಎನ್‌ಎಯನ್ನು ಬದಲಿಸಿ ಬೇಕಾದ ಜಾಗದಲ್ಲಿ ಕತ್ತರಿಸಬಹುದೆಂದು 2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿದರು. 2020ರಲ್ಲಿ ನೊಬೆಲ್ ಪಡೆದರು.

ಇದನ್ನು ಆಧರಿಸಿದ ಮೊದಲ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಅನುಮತಿ ಕೊಟ್ಟಿತು, ಕುಡುಗೋಲು ಕಣ ಕಾಯಿಲೆಗೆ ಮತ್ತು ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಥಲಸೀಮಿಯಾದ ಒಂದು ಬಗೆಗೆ. ಹಿಮೋಗ್ಲೋಬಿನ್ನಿನ ಆ ತಪ್ಪು ‘ಟಿ’ಯನ್ನು ಇದು ತಿದ್ದುತ್ತದೆ ಎಂದು ಹಲವರು ಭಾವಿಸಿದ್ದಾರೆ. ತಿದ್ದುವುದಿಲ್ಲ. ಗರ್ಭದಲ್ಲಿರುವಾಗ ನಾವು ಬೇರೊಂದು ಬಗೆಯ ಹಿಮೋಗ್ಲೋಬಿನ್ ಬಳಸುತ್ತೇವೆ. ಹುಟ್ಟಿದ ಮೇಲೆ ಒಂದು ನಿಯಂತ್ರಕ ಪ್ರೋಟೀನು ಅದರ ಜೀನನ್ನು ಮುಚ್ಚಿಬಿಡುತ್ತದೆ. ಚಿಕಿತ್ಸೆಯಲ್ಲಿ ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಆ ನಿಯಂತ್ರಕವನ್ನು ರಕ್ತಕಣಗಳಲ್ಲಿ ತಯಾರಿಸುವ ಸ್ವಿಚ್ಚನ್ನು ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಮುಚ್ಚಿದ್ದ ಹಳೆಯ ಜೀನ್ ಮತ್ತೆ ತೆರೆದುಕೊಳ್ಳುತ್ತದೆ. ಕೆಟ್ಟ ಜೀನ್ ಇದ್ದ ಹಾಗೆಯೇ ಇರುತ್ತದೆ. ಅದನ್ನು ಸರಿದೂಗಿಸುವ ಇನ್ನೊಂದು ಜೀನಿನ ಓದು ಬದಲಾಗಿರುತ್ತದೆ. ಈ ಬದಲಾವಣೆ ರೋಗಿಯ ರಕ್ತಕ್ಕೆ ಸೀಮಿತ, ಮಕ್ಕಳಿಗೆ ಹೋಗುವುದಿಲ್ಲ. ಭ್ರೂಣವನ್ನೇ ತಿದ್ದುವುದು ಬೇರೆಯೇ ವಿಷಯ. 2018ರಲ್ಲಿ ಚೀನಾದ ಹೆ ಜಿಯಾಂಕುಯಿ ಹಾಗೆ ಮಾಡಿ ಅವಳಿ ಮಕ್ಕಳು ಹುಟ್ಟಿರುವುದಾಗಿ ಪ್ರಕಟಿಸಿದಾಗ ವಿಜ್ಞಾನಿಗಳೇ ಖಂಡಿಸಿದರು, ಮರುವರ್ಷ ಅಲ್ಲಿನ ನ್ಯಾಯಾಲಯ ಸೆರೆವಾಸ ವಿಧಿಸಿತು.

ಜೀನ್ ಪರೀಕ್ಷೆಯ ಫಲಿತಾಂಶವನ್ನು ಎಷ್ಟು ನಂಬಬಹುದು?

ಅಕ್ಷರಗಳನ್ನು ಓದುವುದು ಈಗ ಬಹುಮಟ್ಟಿಗೆ ನಂಬಿಕಸ್ತ. ಓದಿದ್ದರ ಅರ್ಥ ಹೇಳುವುದು ಜೀನಿನಿಂದ ಜೀನಿಗೆ ಬೇರೆ. ಹಂಟಿಂಗ್ಟನ್ ಜೀನಿನಲ್ಲಿ ಸಿ-ಎ-ಜಿ ಎಂಬ ಮೂರಕ್ಷರ ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸುತ್ತಾರೆ. 26 ಅಥವಾ ಕಡಿಮೆ ಇದ್ದರೆ ಸಾಮಾನ್ಯ. 40 ಅಥವಾ ಹೆಚ್ಚಿದ್ದರೆ, ವ್ಯಕ್ತಿ ಸಾಕಷ್ಟು ಕಾಲ ಬದುಕಿದರೆ, ಕಾಯಿಲೆ ಬಂದೇ ಬರುತ್ತದೆ. 36ರಿಂದ 39ರ ನಡುವೆ ಇದ್ದರೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಬಿಆರ್‌ಸಿಎ1 ಜೀನಿನ ಹಾನಿಕರ ಬದಲಾವಣೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಂಭವವನ್ನು ಬಹಳ ಹೆಚ್ಚಿಸುತ್ತದೆ, ಆದರೆ ಅದನ್ನು ಹೊತ್ತ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಆ ಬದಲಾವಣೆ ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಮಧುಮೇಹ, ಹೃದ್ರೋಗದಂಥವುಗಳಿಗೆ ಕೊಡುವ ಅಪಾಯದ ಅಂಕಗಳು ಸಾವಿರಾರು ಸಣ್ಣ ಪ್ರಭಾವಗಳ ಮೊತ್ತ, ಅವುಗಳಲ್ಲಿ ಹೆಚ್ಚಿನವನ್ನು ಯುರೋಪಿಯನ್ ಮೂಲದ ಜನರ ದತ್ತಾಂಶದಿಂದ ರೂಪಿಸಿರುವುದರಿಂದ ಇತರ ಜನಸಮುದಾಯಗಳಲ್ಲಿ ಅವುಗಳ ನಿಖರತೆ ಇಳಿಯುತ್ತದೆ.

ವರದಿಯಲ್ಲಿ ಕೆಲವೊಮ್ಮೆ ‘ಅರ್ಥ ಅನಿಶ್ಚಿತವಾದ ಬದಲಾವಣೆ’ ಎಂಬ ಸಾಲು ಇರುತ್ತದೆ. ಅದು ದೋಷವೂ ಅಲ್ಲ, ನಿರ್ದೋಷವೂ ಅಲ್ಲ. ಅಂಥ ಬದಲಾವಣೆಯಿಂದ ಏನಾಗುತ್ತದೆಂದು ತೀರ್ಮಾನಿಸಲು ಸಾಕಷ್ಟು ಜನರಲ್ಲಿ ಅದನ್ನು ಇನ್ನೂ ನೋಡಿಲ್ಲ ಎಂದರ್ಥ. ಅದನ್ನು ಮಾತ್ರ ಆಧರಿಸಿ ಶಸ್ತ್ರಚಿಕಿತ್ಸೆಯಂಥ ನಿರ್ಧಾರ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಕೆಲವು ವರ್ಷಗಳ ನಂತರ ಅದೇ ಬದಲಾವಣೆಯ ವರ್ಗೀಕರಣ ಪರಿಷ್ಕೃತವಾಗಬಹುದು, ಹೆಚ್ಚಿನ ಸಲ ‘ಹಾನಿಯಿಲ್ಲ’ ಎಂಬ ಕಡೆಗೆ. ಆದ್ದರಿಂದ ಹಳೆಯ ವರದಿಯನ್ನು ಇಟ್ಟುಕೊಂಡು ಆನುವಂಶಿಕ ಸಲಹೆಗಾರರಲ್ಲಿ ಆಗಾಗ ಮರುವಿಚಾರಿಸುವುದು ಒಳ್ಳೆಯದು.